ಶೋಧಕಯಂತ್ರದ ಪಂಕ್ತಿಭೇದ

ಭಾರತದ ಅತ್ಯಂತ ಕುರೂಪವಾದ ಭಾಷೆ ಯಾವುದೆಂದು 2021ನೆಯ ಇಸವಿಯ ಜೂನ್ ತಿಂಗಳಲ್ಲಿ ಗೂಗಲ್ ಶೋಧಕಯಂತ್ರವನ್ನು ಕೇಳಿದವರಿಗೆ ‘ಕನ್ನಡ’ವೆಂಬ ಉತ್ತರವು ಪುಟದ ನೆತ್ತಿಯ ಮೇಲೆಯೇ ದೊರೆತುದನ್ನು ನಮ್ಮ ವಾಚಕರು ಮರೆತಿರಲಾರರು. ನಾಡೆಲ್ಲ ಕೆರಳಿತು; ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವರಾದ ಅರವಿಂದ ಲಿಂಬಾವಳಿಯವರು ಕಾನೂನುಕ್ರಮದ ಎಚ್ಚರಿಕೆಯಿತ್ತರು; ಕಂಪೆನಿಯು ಆ ಉತ್ತರವನ್ನು ತೆಗೆದು ಕ್ಷಮೆ ಬೇಡಿತು. ಅಲ್ಲಿಗೆ ನಮ್ಮ ರೋಷವೂ ಶಾಂತವಾಯಿತು. ಆದರೆ ಆ ಮಾತು ಯಾರೂ ಹೆಸರು ಕೇಳಿರದ, ಭಾಷಾವಿಚಾರಕ್ಕೆ ಸಂಬಂಧವೇ ಇಲ್ಲದ ಒಂದು ಜಾಲತಾಣದ್ದೆಂಬುದನ್ನೂ, ಅಂಥದಕ್ಕೆ ಅಗ್ರಾಸನವು ಹೇಗೆ ದೊರಕಿತೆಂಬುದನ್ನೂ ವಿಚಾರಿಸಿದವರು ಎಷ್ಟು ಮಂದಿ?

ಈ ಯಂತ್ರದ ಮೂಲತತ್ತ್ವವು ನ್ಯಾಯವಾದುದೇ. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಎಂಬಿಬ್ಬರು, ಒಂದು ಪುಟವು ಇನ್ನೊಂದಕ್ಕೆ ಕೊಡುವ ಕೊಂಡಿಯನ್ನು ಶಿಫಾರಸಿನಂತೆ ಎಣಿಸಿ, ಶಿಫಾರಸು ಮಾಡಿದವನ ಯೋಗ್ಯತೆಯನ್ನೂ ತೂಗಿ, ಪುಟಗಳಿಗೆ ಸ್ಥಾನ ನಿರ್ಣಯಿಸುವ ವಿಧಾನವನ್ನು ಪ್ರಕಟಿಸಿದರು. ಇಂದು ಇದರೊಂದಿಗೆ ಬೇರೆ ನೂರಾರು ಲಕ್ಷಣಗಳೂ ಸೇರಿಕೊಂಡಿವೆಯಾದರೂ ಕೊಂಡಿಯ ಬೆಲೆಯು ಅಳಿದಿಲ್ಲ. ಊರಿನ ನಾಲ್ವರು ದೊಡ್ಡವರು ಒಳ್ಳೆಯವನೆಂದವನನ್ನು ನಾವೂ ಒಳ್ಳೆಯವನೆಂದೇ ತಿಳಿಯುವೆವಷ್ಟೆ.

ಹೊಸಬನ ಪಾಡು ಮಾತ್ರ ಬೇರೆ. ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯ ಒಬ್ಬ ಗೃಹಸ್ಥನು, ಅಡಕೆಯ ತೋಟವು ಹಳದಿ ಎಲೆ ರೋಗಕ್ಕೆ ತುತ್ತಾಗಿ, ಮನೆಯಲ್ಲಿ ಯಾತ್ರಿಕರಿಗೆ ವಸತಿಯೇರ್ಪಡಿಸಿ, ಕನ್ನಡದಲ್ಲಿ ಒಂದು ಜಾಲತಾಣವನ್ನು ತೆರೆದನೆನ್ನೋಣ. ಕೊಂಡಿ ಕೊಡುವವರಿಲ್ಲದುದರಿಂದ ಅವನು ಯಾರ ಕಣ್ಣಿಗೂ ಬೀಳನು. ಕಣ್ಣಿಗೆ ಬೀಳದುದರಿಂದ ಯಾರೂ ಕೊಂಡಿ ಕೊಡರು. ತಿದ್ದುಪಡಿಗಳ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುವುದೆಂದು ಗೂಗಲಿನವರೇ 2017ರಲ್ಲಿ ತಿಳಿಸಿದ್ದಾರೆ. ಅಷ್ಟರೊಳಗೆ ಮೊದಲ ಪಂಕ್ತಿಯಲ್ಲಿ ಕುಳಿತ ಪರಸ್ಥಳದ ದೊಡ್ಡ ಕಾಯ್ದಿರಿಸುವ ಕಂಪೆನಿಗಳು ಅದೇ ಮನೆಯ ಅದೇ ಕೊಠಡಿಗೆ ಗಿರಾಕಿಯನ್ನು ತಂದು, ದಲ್ಲಾಳಿಯನ್ನು ಮುರಿದುಕೊಳ್ಳುವುವು.

ಈ ಸಂಕಟಕಾಲದಲ್ಲಿಯೇ ಕೊಂಡಿಯ ವರ್ತಕನು ಬಾಗಿಲು ತಟ್ಟುತ್ತಾನೆ. ಇಷ್ಟು ರೂಪಾಯಿಗೆ ಇಷ್ಟು ನೂರು ಕೊಂಡಿ, ಮೂರು ತಿಂಗಳಲ್ಲಿ ಪ್ರಥಮಸ್ಥಾನ ಎಂಬುದು ಅವನ ವಾಗ್ದಾನ. ಪ್ರಥಮಸ್ಥಾನದ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲ್ ತಾನೇ ಸ್ಪಷ್ಟವಾಗಿ ಬರೆದಿಟ್ಟಿದೆ. ಕೊಂಡ ಕೊಂಡಿಗಳು ಸುಳ್ಳು ಯೋಗ್ಯತಾಪತ್ರಗಳಂತೆ. ಪೆಂಗ್ವಿನ್ ಎಂಬ ಹೆಸರಿನಿಂದ 2012ರ ಏಪ್ರಿಲ್‌ನಲ್ಲಿ ಬಂದ ಮಾರ್ಪಾಡು ಇಂಥವುಗಳ ಮೇಲೆ ನಿಂತಿದ್ದ ತಾಣಗಳನ್ನು ಕೆಳಕ್ಕೆ ತಳ್ಳಿತು. 2016ರಿಂದೀಚೆಗೆ ಯಂತ್ರವು ಹೆಚ್ಚಾಗಿ ಅವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 2024ರ ಮಾರ್ಚಿಯಲ್ಲಿ, ಅವಧಿ ತೀರಿದ ಹಳೆಯ ತಾಣಗಳ ಹೆಸರನ್ನು ಕೊಂಡು ಅವುಗಳ ಕೀರ್ತಿಯಿಂದ ಲಾಭ ಪಡೆಯುವುದೂ ನಿಷಿದ್ಧವಾಯಿತು. ಗೃಹಸ್ಥನ ಹಣ ಹೋಯಿತು. ದುರ್ದೈವವಿದ್ದರೆ ಹೆಸರೂ ಹೋಯಿತು.

ಹಾಗೆಂದು ಬಡಿಸುವವನ ಕೈ ಶುದ್ಧವೆಂದು ನಾವು ಹೇಳಲಾರೆವು. ಶೋಧದ ಫಲಿತಾಂಶಗಳಲ್ಲಿ ಪಕ್ಷಪಾತವೆಸಗಿತೆಂದು ಭಾರತದ ಸ್ಪರ್ಧಾ ಆಯೋಗವು 2018ರ ಫೆಬ್ರವರಿ 8ರಂದು ಇದೇ ಕಂಪೆನಿಗೆ 135.86 ಕೋಟಿ ರೂಪಾಯಿ ದಂಡ ವಿಧಿಸಿತು. ವಿಮಾನಪ್ರಯಾಣವನ್ನು ಹುಡುಕುವವರಿಗೆ ತನ್ನದೇ ಪುಟದ ದಾರಿಯನ್ನು ತೋರಿಸಿದುದು ಅಲ್ಲಿನ ಆಕ್ಷೇಪಗಳಲ್ಲೊಂದು. ಪಂಕ್ತಿಯಲ್ಲಿ ಬಡಿಸುವವನೇ ತನ್ನೆಲೆಯನ್ನು ಮೊದಲು ಹಾಕಿಕೊಂಡನೆಂದು ಇದರರ್ಥ. ಶೋಧದ ವ್ಯವಹಾರದಲ್ಲಿ ಅದು ಏಕಸ್ವಾಮ್ಯವನ್ನು ಅಕ್ರಮವಾಗಿ ಉಳಿಸಿಕೊಂಡಿದೆಯೆಂದು 2024ರ ಆಗಸ್ಟಿನಲ್ಲಿ ಅಮೆರಿಕದ ನ್ಯಾಯಾಲಯವೂ ತೀರ್ಮಾನಿಸಿತು.

ಆದರೆ ಕ್ಯಾಲಿಫೋರ್ನಿಯದವರನ್ನು ಬಯ್ಯುವ ಮೊದಲು ನಮ್ಮ ಕೈಯಲ್ಲಿರತಕ್ಕ ಕೆಲಸವನ್ನು ನಾವು ಮಾಡಿದ್ದೇವೆಯೇ? ಒಂದು ಸರ್ಕಾರಿ ಇಲಾಖೆಯ ಅಥವಾ ವಿಶ್ವವಿದ್ಯಾನಿಲಯದ ಕೊಂಡಿಯು ವರ್ತಕನ ನೂರು ಕೊಂಡಿಗಳಿಗಿಂತ ಮೇಲು. ಅಂಥ ತಾಣಗಳಲ್ಲಿಯೋ, ಎಷ್ಟೋ ಆಜ್ಞೆಗಳೂ ಪಟ್ಟಿಗಳೂ ಚಿತ್ರರೂಪದಲ್ಲಿ ಬಿದ್ದಿರುತ್ತವೆ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದುದನ್ನು ಯಂತ್ರವು ಕನ್ನಡವೆಂದೇ ತಿಳಿಯದು. ಕನ್ನಡದ ಒಳ್ಳೆಯ ಪುಟಗಳು ಯಂತ್ರಕ್ಕೆ ಕಾಣದಿದ್ದಾಗ ಕೆಟ್ಟ ಪುಟವೇ ಮುಂದೆ ಬಂದು ಕುಳಿತರೆ ಆಶ್ಚರ್ಯವೇನು? ಪತ್ರಿಕೆಯವರಾದ ನಾವೂ ನಿರ್ದೋಷಿಗಳಲ್ಲ. ಹಳ್ಳಿಯ ಉದ್ಯಮವನ್ನು ಎರಡು ಅಂಕಣ ಹೊಗಳಿ, ಅದರ ತಾಣದ ಕೊಂಡಿಯನ್ನು ಮಾತ್ರ ಬಿಟ್ಟುಬಿಡುತ್ತೇವೆ.

ಚಿಕ್ಕಮಗಳೂರು ಜಿಲ್ಲಾಡಳಿತವೂ ಪ್ರವಾಸೋದ್ಯಮ ಇಲಾಖೆಯೂ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ನೋಂದಣಿಯಾದ ವಸತಿಗೃಹಗಳ, ಸಹಕಾರಸಂಘಗಳ ಸ್ವಂತ ತಾಣಗಳಿಗೆ ಗ್ರಾಮವಾರು ಕೊಂಡಿಗಳನ್ನು ಕನ್ನಡದಲ್ಲಿಯೇ, ಓದಲು ಬರುವ ಅಕ್ಷರಗಳಲ್ಲಿ ಪ್ರಕಟಿಸತಕ್ಕದ್ದು. ಇದಕ್ಕೆ ಹೊಸ ಅನುದಾನವೂ ಬೇಡ, ಸಮಿತಿಯೂ ಬೇಡ. ಒಬ್ಬ ಗುಮಾಸ್ತನ ಕೆಲವು ದಿನಗಳ ದುಡಿಮೆ ಸಾಕು.