ಸತ್ತವನ ವಿಮೆ, ಇದ್ದವಳ ಬಾಗಿಲು

ಮದ್ದೂರು, ಮಳವಳ್ಳಿ ಕಡೆ ಕಿರುಸಾಲ ಕೊಡುವ ದಿನವೇ ಗಂಡ-ಹೆಂಡತಿ ಇಬ್ಬರ ವಿಮೆಯ ಹಣವನ್ನೂ ಮುರಿದುಕೊಳ್ಳುವುದುಂಟು. ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆಗೂ ಹಾಗೇ ಆಯಿತು. ಗಂಡ ತೀರಿಕೊಂಡ, ಕಾಯಿಲೆ ಮುಚ್ಚಿಟ್ಟಿದ್ದನೆಂದು ವಿಮೆಯವರು ತಕರಾರು ತೆಗೆದರು. ವಸೂಲಿಗಾರರು ಮಾತ್ರ ರಾತ್ರಿ 8 ಆದರೂ ಅವಳ ಜಗಲಿ ಬಿಡಲಿಲ್ಲ.

ನಾನು ಕೇಳುತ್ತೇನೆ ಸ್ವಾಮಿ, ವಿಮೆ ಮಾಡಿಸಿದವರು ನೀವು, ಸಾಲದ ಬಾಕಿ ಸೇರುವುದೂ ನಿಮಗೇ. ಆ ಜಗಳವನ್ನು ವಿಮೆ ಕಂಪನಿಯ ಬಾಗಿಲಲ್ಲಿ ಆಡಿ, ವಿಧವೆಯ ಬಾಗಿಲಲ್ಲೇಕೆ? ಸಂಜೆ 6ರ ಮೇಲೆ ಕಿರುಸಾಲಗಾರರಿಗೆ ಫೋನೂ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿತು. ಬಲವಂತದ ವಸೂಲಿಯ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಮಂಡ್ಯದ ಕಚೇರಿಗಳಿಂದ ಅದು ಹಳ್ಳಿಯ ಜಗಲಿಗೆ ಇಳಿಯುವುದೆಂದು?

ತಾಯಂದಿರೇ, ವಿಮೆ ನಿರಾಕರಿಸಿದ್ದನ್ನು ಬರೆದುಕೊಡಲು ಕೇಳಿ. ಮೊದಲು ಕಂಪನಿಗೇ ಬರೆಯಿರಿ. ಒಪ್ಪದಿದ್ದರೆ ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಿ, ಶುಲ್ಕವಿಲ್ಲ. ಅರ್ಜಿ ಬರೆದುಕೊಡಲು ನಿಮ್ಮೂರಲ್ಲೂ ಒಬ್ಬರು ಟೀಚರಿದ್ದಾರೆ.