ಕಾಫಿ ಹುರಿಯುವ ಹದ ಬೆಳೆಗಾರನಿಗೂ ತಿಳಿದಿರಬೇಕು



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯವರು ಚಹಾ ಕುಡಿಯುವ ಜನ. ಆ ಕಡೆಯ ನೆಂಟರೋ ವ್ಯಾಪಾರಸ್ಥರೋ ಮಲೆನಾಡಿಗೆ ಬಂದಾಗ ನಾವು ಅಭಿಮಾನದಿಂದ ಕಾಫಿ ಕೊಡುತ್ತೇವೆ. ಅವರು ಮರ್ಯಾದೆಗೆ ಎರಡು ಗುಟುಕು ಕುಡಿದು, "ಭಾಳ ಕಹಿ ಐತ್ರೀ, ಚಹಾ ಇದ್ರ ನೋಡ್ರಿ" ಎನ್ನುತ್ತಾರೆ. ಇವರಿಗೆ ಕಾಫಿಯ ರುಚಿ ತಿಳಿಯದು ಎಂದು ನಾವು ನಕ್ಕು ಸುಮ್ಮನಾಗುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅವರ ಮಾತಿನಲ್ಲಿ ನಿಜವಿದೆ. ಅವರ ನಾಲಿಗೆಗೆ ತಾಗಿದ್ದು ನಮ್ಮ ತೋಟದ ಬೀಜದ ಗುಣವಲ್ಲ. ಅದನ್ನು ಕರಿಕಾಗುವವರೆಗೆ ಹುರಿದ ಬೆಂಕಿಯ ಗುಣ.

ನಮ್ಮಲ್ಲೇ ಅಡಿಕೆ ಬೆಳೆಯುವವರನ್ನು ನೋಡಿ. ಬೇಯಿಸಿದ್ದು ಕಡಿಮೆಯಾಯಿತೋ ಹೆಚ್ಚಾಯಿತೋ, ಚೊಗರು ಹದವಾಗಿ ಹಿಡಿದಿದೆಯೋ ಇಲ್ಲವೋ ಎಂಬುದನ್ನು ಒಂದು ಹೋಳು ಬಾಯಿಗೆ ಹಾಕಿ ಹೇಳಬಲ್ಲರು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಕಣ್ಣಳತೆಯಲ್ಲೇ ವಿಂಗಡಿಸಬಲ್ಲರು. ಮಂಡಿಯಲ್ಲಿ ದರ ಕಟ್ಟುವವರ ಎದುರು ನಿಂತು ಮಾತನಾಡಲು ಈ ತಿಳಿವಳಿಕೆಯೇ ಅವರ ಬಲ. ಕಾಫಿಯ ವಿಷಯದಲ್ಲಿ ನಮ್ಮ ಪೈಕಿ ಬಹುಮಂದಿಗೆ ಆ ಬಲವಿಲ್ಲ. ಪಾರ್ಚ್‌ಮೆಂಟನ್ನೋ ಚೆರಿಯನ್ನೋ ಮೂಟೆ ಕಟ್ಟಿ ಕೊಡುತ್ತೇವೆ. ಬರುವಾಗ ಪೇಟೆಯಿಂದ ಚಿಕೋರಿ ಬೆರೆತ ಪುಡಿಯ ಪೊಟ್ಟಣ ತರುತ್ತೇವೆ. ನಮ್ಮ ಬೀಜದ ರುಚಿ ನಮಗೇ ಗೊತ್ತಿಲ್ಲ.

ಇದಕ್ಕೆ ಕಾರಣವೂ ಇದೆ. 1942ರ ಕಾಫಿ ಕಾಯಿದೆಯ ಕಾಲದಿಂದ ಬೆಳೆಯೆಲ್ಲ ಕಾಫಿ ಮಂಡಳಿಯ ಪೂಲಿಗೆ ಹೋಗುತ್ತಿತ್ತು. ಮನೆಬಳಕೆಗೂ ಬಿತ್ತನೆಗೂ ಅನುಮತಿ ಇದ್ದಷ್ಟನ್ನು ಮಾತ್ರ ಬೆಳೆಗಾರ ಇಟ್ಟುಕೊಳ್ಳಬಹುದಾಗಿತ್ತು. ಒಬ್ಬನ ಬೀಜ ಇನ್ನೊಬ್ಬನದರೊಡನೆ ಬೆರೆತ ಮೇಲೆ ಯಾರದು ಯಾವ ರುಚಿ ಎಂದು ಕೇಳುವವರಿರಲಿಲ್ಲ. ಆ ಪದ್ಧತಿ 1996ರಲ್ಲಿ ಪೂರ್ಣವಾಗಿ ಕೊನೆಗೊಂಡಿತು. ಮಾರುವ ಸ್ವಾತಂತ್ರ್ಯ ಬಂದು ಇಷ್ಟು ವರ್ಷಗಳಾದರೂ ನಮ್ಮ ತಿಳಿವಳಿಕೆ ಇನ್ನೂ ಕಣದಲ್ಲೇ ನಿಂತಿದೆ. ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಮತ್ತು ಕೊಡಗಿನ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಆ ಗುರುತಿನ ಅರ್ಥವೇ ಈ ನೆಲದ ಬೀಜಕ್ಕೆ ತನ್ನದೇ ಗುಣವಿದೆ ಎಂಬುದು. ಆ ಗುಣ ಲೋಟದಲ್ಲಿ ಉಳಿಯುವುದೋ ಸುಟ್ಟುಹೋಗುವುದೋ ಹುರಿಯುವ ಹದದ ಮೇಲೆ ನಿಂತಿದೆ.

ಹುರಿಯುವಾಗ ಆಗುವುದೇನು? ಬೀಜ ಮೊದಲು ತನ್ನಲ್ಲಿರುವ ಶೇಕಡ ಹತ್ತು ಹನ್ನೊಂದರಷ್ಟು ತೇವವನ್ನು ಬಿಡುತ್ತದೆ. ಹಸಿರು ಹೋಗಿ ಹಳದಿಗೆ ತಿರುಗಿ ಒಣಹುಲ್ಲಿನ ವಾಸನೆ ಬರುತ್ತದೆ. ಬಳಿಕ ಕಂದು ಬಣ್ಣ, ರೊಟ್ಟಿ ಬೆಂದ ಪರಿಮಳ. ಬೀಜದ ಶಾಖ ಸುಮಾರು 195ರಿಂದ 200 ಡಿಗ್ರಿ ಸೆಂಟಿಗ್ರೇಡ್ ತಲಪಿದಾಗ ಒಳಗಿನ ಆವಿ ಒಡೆದು ಚಟಚಟನೆ ಸದ್ದಾಗುತ್ತದೆ. ಇದು ಮೊದಲ ಸಿಡಿತ. ಅದು ನಿಂತ ಮೇಲೂ ಹುರಿಯುತ್ತ ಹೋದರೆ ಸುಮಾರು 225 ಡಿಗ್ರಿಯ ಆಸುಪಾಸಿನಲ್ಲಿ ಇನ್ನೂ ಸಣ್ಣಗೆ, ಬೇಗಬೇಗನೆ ಸದ್ದಾಗುತ್ತದೆ. ಇದು ಎರಡನೆಯ ಸಿಡಿತ. ಈ ಎರಡು ಸದ್ದುಗಳೇ ನಮಗೆ ಮೈಲಿಗಲ್ಲು.

ಮೊದಲ ಸಿಡಿತ ಮುಗಿಯುತ್ತಿದ್ದಂತೆ ಇಳಿಸಿದರೆ ಅದು ಎಳೆಹದ. ಬಣ್ಣ ತಿಳಿಗಂದು, ಮೇಲ್ಮೈ ಒಣ, ರುಚಿಯಲ್ಲಿ ಹಣ್ಣಿನ ಹುಳಿ ಎದ್ದು ಕಾಣುತ್ತದೆ. ಎರಡು ಸಿಡಿತಗಳ ನಡುವೆ ಇಳಿಸಿದರೆ ನಡುಹದ. ಹುಳಿ ತಗ್ಗಿ ಸಿಹಿ ಮತ್ತು ಪರಿಮಳ ಸಮನಾಗುತ್ತವೆ. ಎರಡನೆಯ ಸಿಡಿತ ಆರಂಭವಾದ ಮೇಲಿನದು ಕಡುಹದ. ಬೀಜದ ಮೈಗೆ ಎಣ್ಣೆ ಬರುತ್ತದೆ, ಕಹಿಯೂ ಹೊಗೆಯ ವಾಸನೆಯೂ ಮೇಲಾಗುತ್ತವೆ. ತೂಕವೂ ಇಳಿಯುತ್ತದೆ: ಒಂದು ಕಿಲೋ ಹಸಿ ಬೀಜ ನಡುಹದದಲ್ಲಿ ಸುಮಾರು 850 ಗ್ರಾಂ ಉಳಿದರೆ ಕಡುಹದದಲ್ಲಿ 800 ಗ್ರಾಮಿನ ಸುತ್ತ ಉಳಿಯುತ್ತದೆ.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಬಿಡಬೇಕು. ಕಪ್ಪಗಿದ್ದರೆ ಸ್ಟ್ರಾಂಗ್ ಎಂದು ನಾವು ತಿಳಿದಿದ್ದೇವೆ. ಹುರಿಯುವುದರಿಂದ ಕೆಫೀನ್ ಹೆಚ್ಚುವುದಿಲ್ಲ. ಅದು ಬಹುಮಟ್ಟಿಗೆ ಇದ್ದಷ್ಟೇ ಇರುತ್ತದೆ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಾಲು ಕೆಫೀನ್ ಇರುವುದು ಬೀಜದ ಜಾತಿಯಿಂದ. ಡಿಕಾಕ್ಷನ್ ಗಟ್ಟಿಯಾಗುವುದು ಪುಡಿ ಹಾಕಿದ ಪ್ರಮಾಣದಿಂದ. ಚಿಕೋರಿಯಾದರೋ ಬಣ್ಣವನ್ನೂ ಮಂದವನ್ನೂ ಕೊಡುತ್ತದೆ, ಅದರಲ್ಲಿ ಕೆಫೀನೇ ಇಲ್ಲ. ಮಿಶ್ರಣದಲ್ಲಿ ಕಾಫಿ ಶೇಕಡ 51ಕ್ಕೆ ಕಡಿಮೆ ಇರಬಾರದೆಂದೂ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದೂ ಕಾನೂನಿದೆ. ಮುಂದಿನ ಸಲ ಪೊಟ್ಟಣ ಕೊಳ್ಳುವಾಗ ಆ ಸಣ್ಣ ಅಕ್ಷರವನ್ನು ದಯಮಾಡಿ ಓದಿ.

ಕಡುಹದವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅರ್ಧ ಲೋಟ ಹಾಲು, ಸಕ್ಕರೆ ಬೆರೆಸಿ ಕುಡಿಯುವ ನಮ್ಮ ಫಿಲ್ಟರ್ ಕಾಫಿಗೆ ಎಳೆಹದ ಹೊಂದದು; ಹಾಲಿನಲ್ಲಿ ಅದು ತೆಳುವಾಗಿ ಕಳೆದುಹೋಗುತ್ತದೆ. ರೊಬಸ್ಟಾ ಚೆರಿಯ ಒರಟು ರುಚಿಯೂ ಸ್ವಲ್ಪ ಮುಂದಕ್ಕೆ ಹುರಿದರೆ ಮೆತ್ತಗಾಗುತ್ತದೆ. ಆದರೆ ಕಡುಹದಕ್ಕೆ ಇನ್ನೊಂದು ಶಕ್ತಿಯಿದೆ: ಅದು ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಮುಸುಕಿನಲ್ಲಿ ಮುಚ್ಚುತ್ತದೆ. ಹಣ್ಣನ್ನೇ ಆರಿಸಿ ಕೊಯ್ದು, ಹೊತ್ತಿಗೆ ಸರಿಯಾಗಿ ಪಲ್ಪಿಂಗ್ ಮಾಡಿ, ಕಣದಲ್ಲಿ ತೆಳುವಾಗಿ ಹರಡಿ ಒಣಗಿಸಿದವನ ಬೀಜಕ್ಕೂ, ಕಾಯಿ ಹಣ್ಣು ಒಟ್ಟಿಗೆ ಉದುರಿಸಿ ರಾಶಿ ಹಾಕಿದವನ ಬೀಜಕ್ಕೂ ಕಡುಹದದಲ್ಲಿ ಅಂತರ ಅಳಿಸುತ್ತ ಹೋಗುತ್ತದೆ. ಎಳೆಹದ, ನಡುಹದಗಳಲ್ಲಿ ಎಲ್ಲವೂ ಬಯಲು. ಹೊರದೇಶದ ಕೊಳ್ಳುಗರು ರುಚಿ ನೋಡುವಾಗ ಎಳೆಯಾಗಿಯೇ ಹುರಿಯುವುದು ಇದೇ ಕಾರಣಕ್ಕೆ. ಅವರಿಗೆ ಕಾಣುವುದು ನಮಗೆ ಕಾಣದಿದ್ದರೆ ದರದ ಮಾತಿನಲ್ಲಿ ನಾವು ಮೂಕರೇ.

ಆದ್ದರಿಂದ ಹದವನ್ನು ಆರಿಸುವ ಕ್ರಮ ಹೀಗಿರಲಿ. ಮೊದಲು ಹೇಗೆ ಕುಡಿಯುತ್ತೇವೆ ಎಂಬುದನ್ನು ನೋಡಿ. ಹಾಲಿಲ್ಲದೆ ಕುಡಿಯುವವರಿಗೆ ಎಳೆಹದದಿಂದ ನಡುಹದ. ಬೆಲ್ಲದ ಕರಿಕಾಫಿಗೆ ನಡುಹದ. ಹಾಲಿನ ಕಾಫಿಗೆ ನಡುಹದ ದಾಟಿ ಎರಡನೆಯ ಸಿಡಿತದ ಹೊಸ್ತಿಲು. ಅದರಾಚೆ ಹೋಗುವ ಅಗತ್ಯ ನನಗೆ ಕಾಣದು. ಚಿಕ್ಕೋಡಿ ಕಡೆಯವರಿಗೂ ಈ ಕೊನೆಯದೇ ಸರಿ. ಹಾಲು ಸಕ್ಕರೆ ಹಾಕಿ ಕುದಿಸಿದ ಗಟ್ಟಿ ಚಹಾಕ್ಕೆ ಒಗ್ಗಿದ ನಾಲಿಗೆ ಎಳೆಹದವನ್ನು ಹುಳಿನೀರೆಂದು ದೂರ ಮಾಡುತ್ತದೆ, ಕರಿಕಾದದ್ದನ್ನು ಕಹಿಯೆಂದು ತಳ್ಳುತ್ತದೆ. ಅರೇಬಿಕಾದೊಡನೆ ಒಂದಿಷ್ಟು ರೊಬಸ್ಟಾ ಸೇರಿಸಿ, ಎರಡನೆಯ ಸಿಡಿತ ಆರಂಭವಾಗುವ ಮುನ್ನ ಇಳಿಸಿ, ಚಿಕೋರಿಯಿಲ್ಲದೆ ಕೊಟ್ಟು ನೋಡೋಣ. ನಮ್ಮ ರಾಜ್ಯದೊಳಗೇ ಇಷ್ಟು ದೊಡ್ಡ ಚಹಾಸೀಮೆ ಇರುವಾಗ ಅಲ್ಲಿನ ರುಚಿಯನ್ನು ಕೇಳದೆ ಅವರಿಗೆ ಕಾಫಿ ಬೇಡವೆಂದು ತೀರ್ಮಾನಿಸುವುದು ವ್ಯಾಪಾರವೂ ಅಲ್ಲ, ಉಪಚಾರವೂ ಅಲ್ಲ.

ಪರೀಕ್ಷೆಗೆ ಯಂತ್ರ ಬೇಕಿಲ್ಲ. ಒಣಗಿದ ಬೀಜದ ಸಿಪ್ಪೆ ತೆಗೆದು, ಕಪ್ಪು ಬೀಜ ಮತ್ತು ಕಾಯಿಕೊರಕ ತಿಂದದ್ದನ್ನು ಆರಿಸಿ, 200 ಗ್ರಾಮಿನಂತೆ ಮೂರು ಪಾಲು ಮಾಡಿ. ದಪ್ಪ ಕಬ್ಬಿಣದ ಬಾಣಲೆಯಲ್ಲಿ ಮಧ್ಯಮ ಉರಿಯ ಮೇಲೆ ಕೈಬಿಡದೆ ಕೆದಕುತ್ತ ಮೂರನ್ನೂ ಮೂರು ಹದಕ್ಕೆ ಹುರಿಯಿರಿ. ಇಳಿಸಿದ ಕೂಡಲೆ ಮೊರಕ್ಕೆ ಸುರಿದು ಬೀಸಿ ಆರಿಸಬೇಕು. ಇಲ್ಲವಾದರೆ ಒಳಶಾಖದಲ್ಲೇ ಮುಂದಕ್ಕೆ ಹುರಿದುಹೋಗುತ್ತದೆ. ಒಂದು ದಿನ ಬಿಟ್ಟು, ಬೇಕಾದಷ್ಟನ್ನೇ ಪುಡಿ ಮಾಡಿ. ಮೂರಕ್ಕೂ ಒಂದೇ ಅಳತೆ: 10 ಗ್ರಾಂ ಪುಡಿಗೆ ಸುಮಾರು 170 ಮಿಲಿಲೀಟರ್ ನೀರು. ಲೋಟದ ತಳದಲ್ಲಿ ಗುರುತು ಹಾಕಿ, ಯಾವುದು ಯಾವ ಹದವೆಂದು ಹೇಳದೆ ಮನೆಯವರಿಗೆ ಕೊಡಿ. ಮೊದಲು ಹಾಲು ಸಕ್ಕರೆಯಿಲ್ಲದೆ, ಅನಂತರ ರೂಢಿಯಂತೆ. ಹಣ್ಣಿನ ಹುಳಿ ಬೇರೆ, ಹೆಚ್ಚು ಹುದುಗಿ ಹಳಸಿದ ಹುಳಿ ಬೇರೆ ಎಂಬುದು ಅಂದೇ ತಿಳಿಯುತ್ತದೆ. ಮಣ್ಣಿನ ಅಥವಾ ಬೂಷ್ಟಿನ ವಾಸನೆ ಬಂದರೆ ದೋಷ ಬಾಣಲೆಯದಲ್ಲ, ಕಣದ್ದು.

ಕಡೆಯದಾಗಿ ನಮ್ಮ ಸಂಘಕ್ಕೊಂದು ಸಲಹೆ. ಕಾಫಿ ಮಂಡಳಿ ಕಾಪಿ ಶಾಸ್ತ್ರ ಎಂಬ ಹೆಸರಿನಲ್ಲಿ ಹುರಿಯುವ, ಕಾಫಿ ತಯಾರಿಸುವ ತರಬೇತಿ ನಡೆಸುತ್ತ ಬಂದಿದೆ. ಸದಸ್ಯರ ಮಕ್ಕಳಲ್ಲಿ ಆಸಕ್ತರಾದ ಇಬ್ಬರನ್ನು ಸಂಘದ ಖರ್ಚಿನಲ್ಲಿ ಅಲ್ಲಿಗೆ ಕಳುಹಿಸಬಹುದು. ಸಂಘದ ಕಚೇರಿಯಲ್ಲಿ ಒಂದು ಸಣ್ಣ ಹುರಿಯುವ ಯಂತ್ರವನ್ನಿಟ್ಟು, ಮೂಟೆ ತಂದ ಸದಸ್ಯನಿಗೆ ಅವನದೇ ಬೀಜದ ಒಂದು ಲೋಟ ಕಾಫಿಯನ್ನು ಅವನೆದುರೇ ಮಾಡಿ ಕೊಡುವ ಏರ್ಪಾಡಾಗಲಿ. ಮುಂಬರುವ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕಾಗಿ ಆಡಳಿತ ಮಂಡಳಿಯವರನ್ನು ಕೋರುತ್ತೇನೆ.