ಕೋರಿಕೆ ಹೋಯಿತು, ಉತ್ತರ ಬರಲಿಲ್ಲ

ಕರಿಮೆಣಸಿನ ಮೂಟೆಗಳನ್ನು ಹೇರಿಕೊಂಡ ಲಾರಿಯೊಂದು ಗೋಣಿಕೊಪ್ಪಲಿನಿಂದ ಬೆಂಗಳೂರಿಗೆ ಹೊರಡಲು ಸಿದ್ಧವಾಗಿ ನಿಂತಿದೆಯೆನ್ನೋಣ. ಇ-ವೇ ಬಿಲ್ಲಿನ ವಿವರಗಳನ್ನೆಲ್ಲ ತುಂಬಿ ಗುಮಾಸ್ತರು ಕೊನೆಯ ಗುಂಡಿಯನ್ನು ಒತ್ತುತ್ತಾರೆ. ಆಷಾಢದ ಮಳೆ, ಎಲ್ಲೋ ಮರ ಬಿದ್ದು ವಿದ್ಯುತ್ ಹೋಗುತ್ತದೆ, ಅದರೊಡನೆ ಅಂತರ್ಜಾಲ ಸಂಪರ್ಕವೂ ಕಡಿಯುತ್ತದೆ. ಬಿಲ್ಲು ಆಯಿತೋ, ಇಲ್ಲವೋ? ಇದು ತಿಳಿಯದೆ ಲಾರಿಯನ್ನು ಕಳುಹಿಸಿ, ಅದು ದಾರಿಯಲ್ಲಿ ತಪಾಸಣೆಗೆ ಸಿಕ್ಕರೆ ಸಿಜಿಎಸ್‌ಟಿ ಕಾಯಿದೆಯ 129ನೇ ಕಲಮಿನಡಿ ತೆರಿಗೆಯ ಎರಡರಷ್ಟು ದಂಡ. ಕಳುಹಿಸದಿದ್ದರೆ ಬಾಡಿಗೆಯೂ ಖರೀದಿದಾರರ ಅಸಮಾಧಾನವೂ ವರ್ತಕರ ತಲೆಗೇ.

ಈ ತೊಡಕಿಗೆ ಮಳೆಯನ್ನಾಗಲಿ ದೂರವಾಣಿ ಸಂಸ್ಥೆಯನ್ನಾಗಲಿ ದೂರುವುದು ಸುಲಭ. ಆದರೆ ಇದರ ಬೇರು ತಂತ್ರಾಂಶದ ರಚನೆಯಲ್ಲಿಯೇ ಇದೆ. ಜಾಲತಾಣದ ವ್ಯವಹಾರವೆಲ್ಲವೂ ಒಂದು ಕೋರಿಕೆ ಮತ್ತು ಅದಕ್ಕೊಂದು ಉತ್ತರ ಎಂಬ ಜೋಡಿಯಲ್ಲಿ ನಡೆಯುತ್ತದೆ. ಉತ್ತರದ ತಲೆಯ ಮೇಲೆ ಮೂರಂಕಿಯ ಸಂಕೇತವಿರುತ್ತದೆ. ಇನ್ನೂರರ ಸಾಲಿನದಾದರೆ ಕೆಲಸ ನೆರವೇರಿತೆಂದೂ, ನಾನೂರರ ಸಾಲಿನದಾದರೆ ಕೇಳಿದವರ ಕಡೆ ತಪ್ಪಿದೆಯೆಂದೂ, ಐನೂರರ ಸಾಲಿನದಾದರೆ ಸರ್ವರ್‌ನಲ್ಲಿಯೇ ದೋಷವೆಂದೂ ಅರ್ಥ. ಇವೆಲ್ಲವೂ ಉತ್ತರ ಬಂದಾಗಿನ ಮಾತು. ಉತ್ತರವೇ ಬಾರದಾಗ ಮೂರು ಸಾಧ್ಯತೆಗಳಿವೆ: ಕೋರಿಕೆ ತಲುಪಿಯೇ ಇಲ್ಲ, ತಲುಪಿದೆ, ಕೆಲಸ ಇನ್ನೂ ನಡೆಯುತ್ತಿದೆ, ಕೆಲಸ ಮುಗಿದು, ಉತ್ತರ ಹಿಂದಿರುಗುವ ದಾರಿಯಲ್ಲಿ ಕಳೆದುಹೋಗಿದೆ. ಗೋಣಿಕೊಪ್ಪಲಿನ ಮೇಜಿನ ಮುಂದೆ ಕುಳಿತವರಿಗೆ ಈ ಮೂರೂ ಒಂದೇ ರೀತಿ ಕಾಣುತ್ತವೆ.

ಲೆಕ್ಕ ಬರೆಯುವವರಿಗೆ ಇದೇನೂ ಹೊಸ ಸಂಗತಿಯಲ್ಲ. ಚೆಕ್ಕನ್ನು ಅಂಚೆಗೆ ಹಾಕಿಯಾಗಿದೆ, ಪಾಸ್‌ಪುಸ್ತಕದಲ್ಲಿ ಮಾತ್ರ ಇನ್ನೂ ಖರ್ಚು ಬಿದ್ದಿಲ್ಲ. ಹಾಗೆಂದು ಯಾರೂ ಎರಡನೆಯ ಚೆಕ್ಕನ್ನು ಬರೆಯುವುದಿಲ್ಲ. ಚೆಕ್ಕಿನ ಸಂಖ್ಯೆಯನ್ನು ಹಿಡಿದು ತಿಂಗಳ ಕೊನೆಗೆ ತಾಳೆ ನೋಡುತ್ತಾರೆ. ಒಳ್ಳೆಯ ತಂತ್ರಾಂಶವೂ ಇದನ್ನೇ ಮಾಡಬೇಕು. ಹಣ, ಬಿಲ್ಲು, ದಾಖಲೆಗಳನ್ನು ಬದಲಿಸುವ ಪ್ರತಿ ಕೋರಿಕೆಗೂ ತನ್ನದೇ ಆದ ಗುರುತು ಇರಬೇಕು. ಅದೇ ಗುರುತಿನೊಡನೆ ಹತ್ತು ಬಾರಿ ಕೇಳಿದರೂ ಫಲ ಒಂದೇ ಆಗಿರಬೇಕು.

ಇ-ಇನ್‌ವಾಯ್ಸ್ ವ್ಯವಸ್ಥೆಯಲ್ಲಿ ಇದನ್ನು ಸೊಗಸಾಗಿ ಅಳವಡಿಸಲಾಗಿದೆ. 2020ರ ಅಕ್ಟೋಬರ್‌ನಲ್ಲಿ ದೊಡ್ಡ ಸಂಸ್ಥೆಗಳಿಂದ ಆರಂಭವಾಗಿ 2023ರ ಆಗಸ್ಟ್‌ನಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೂ ಅನ್ವಯವಾದ ಈ ವ್ಯವಸ್ಥೆಯಲ್ಲಿ, ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ಬಿಲ್ಲಿನ ಸಂಖ್ಯೆ ಇವುಗಳಿಂದಲೇ 64 ಅಕ್ಷರಗಳ ಐಆರ್‌ಎನ್ ಹುಟ್ಟುತ್ತದೆ. ಅದೇ ಬಿಲ್ಲನ್ನು ಮತ್ತೆ ಕಳುಹಿಸಿದರೆ 2150 ಎಂಬ ಸಂಕೇತದೊಡನೆ ‘ಇದು ಆಗಲೇ ನೋಂದಣಿಯಾಗಿದೆ’ ಎಂಬ ಉತ್ತರ ಬರುತ್ತದೆ. ವಿಪರ್ಯಾಸವೆಂದರೆ, ಸಮಾಧಾನ ಪಡಬೇಕಾದ ಈ ಉತ್ತರವನ್ನು ತಪ್ಪೆಂದು ಬಗೆದು, ಬಿಲ್ಲಿನ ಸಂಖ್ಯೆಯನ್ನೇ ಬದಲಿಸಿ ಮತ್ತೆ ಕಳುಹಿಸುವವರಿದ್ದಾರೆ. ಆಗ ಒಂದು ಮಾರಾಟಕ್ಕೆ ಎರಡು ಬಿಲ್ಲು, ಜಿಎಸ್‌ಟಿಆರ್-1ರಲ್ಲಿ ಎರಡು ಸಾಲು. ಐಆರ್‌ಎನ್ ರದ್ದುಪಡಿಸಲು ಇರುವ ಅವಧಿ ಕೇವಲ 24 ಗಂಟೆ. ಇ-ವೇ ಬಿಲ್ಲಿನಲ್ಲಿಯೂ ಒಂದೇ ದಾಖಲೆ ಸಂಖ್ಯೆಗೆ ಎರಡು ಬಿಲ್ಲು ಹುಟ್ಟದಂತೆ ತಡೆಯುವ ಏರ್ಪಾಡು 2018ರ ನವೆಂಬರ್‌ನಲ್ಲಿ ಬಂದಿತು.

ತೆರಿಗೆ ಪಾವತಿಯ ಚಲನ್ನು ಇನ್ನೂ ಸ್ಪಷ್ಟವಾದ ಉದಾಹರಣೆ. ಮೊದಲು ಸಿಪಿಐಎನ್ ದೊರೆಯುತ್ತದೆ, ಅದು ಕೋರಿಕೆಯ ಸಂಖ್ಯೆ. ಹಣ ಸಂದ ಮೇಲೆ ಸಿಐಎನ್ ಬರುತ್ತದೆ, ಅದು ಉತ್ತರದ ಸಂಖ್ಯೆ. ಖಾತೆಯಿಂದ ಹಣ ಕಡಿತವಾಗಿಯೂ ಸಿಐಎನ್ ಬಾರದಿದ್ದರೆ ಪಿಎಂಟಿ-07 ನಮೂನೆಯಲ್ಲಿ ಅರ್ಜಿ ಸಲ್ಲಿಸಬಹುದು. ಯುಪಿಐ ವ್ಯವಹಾರದಲ್ಲಿ ರಿಸರ್ವ್ ಬ್ಯಾಂಕ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದೆ. 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಹಣ ಒಬ್ಬರ ಖಾತೆಯಿಂದ ಹೋಗಿ ಇನ್ನೊಬ್ಬರಿಗೆ ಸೇರದಿದ್ದರೆ ಮರುದಿನದೊಳಗೆ ತಾನಾಗಿಯೇ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇಲ್ಲಿ ಉತ್ತರ ಬಾರದ ಹೊಣೆಯನ್ನು ವ್ಯವಸ್ಥೆಯ ಮೇಲೆ ಹೊರಿಸಲಾಗಿದೆ. ತೆರಿಗೆ ಜಾಲತಾಣದಲ್ಲಿ ಆ ಹೊಣೆ ಇಂದಿಗೂ ವರ್ತಕರದೇ.

ಟ್ರಾನ್-1 ಪ್ರಕರಣವನ್ನು ಸದಸ್ಯರು ಮರೆತಿರಲಾರರು. 2017ರಲ್ಲಿ ಹಳೆಯ ತೆರಿಗೆ ಜಮೆಯನ್ನು ವರ್ಗಾಯಿಸಿಕೊಳ್ಳಲಾಗದೆ ಹೋದವರಿಗೆ, ‘ಪ್ರಯತ್ನಿಸಿದ್ದಕ್ಕೆ ಪುರಾವೆ ಎಲ್ಲಿ?’ ಎಂಬ ಪ್ರಶ್ನೆ ಎದುರಾಯಿತು. ನಿರ್ಣಾಯಕ ಪುರಾವೆಯಿದ್ದುದು ಜಾಲತಾಣದ ಲಾಗ್ ದಾಖಲೆಯಲ್ಲಿ, ಅಂದರೆ ಎದುರು ಪಕ್ಷದ ಪುಸ್ತಕದಲ್ಲಿ. ದಾರಿಯಲ್ಲೇ ಕಳೆದುಹೋದ ಕೋರಿಕೆ ಆ ಪುಸ್ತಕದಲ್ಲಿ ಇರುವುದಾದರೂ ಹೇಗೆ? ವ್ಯಾಜ್ಯಗಳು ಬೆಳೆದು, 2022ರ ಜುಲೈ 22ರಂದು ಸರ್ವೋಚ್ಚ ನ್ಯಾಯಾಲಯವು ಎಲ್ಲರಿಗೂ ಜಾಲತಾಣವನ್ನು ಮತ್ತೆ ತೆರೆಯುವಂತೆ ಆದೇಶಿಸಬೇಕಾಯಿತು. ಅಲ್ಲಿಗೆ ಐದು ವರ್ಷ ಕಳೆದಿತ್ತು.

ಕೊಡಗಿನ ಕಷ್ಟವನ್ನು ಸರ್ಕಾರ ಅರಿಯದು ಎನ್ನಲಾಗದು. 2018ರ ಆಗಸ್ಟ್‌ನ ಜಲಪ್ರಳಯದ ನಂತರ ಕೇರಳ ಮತ್ತು ಮಾಹೆಯೊಡನೆ ಕೊಡಗು ಜಿಲ್ಲೆಗೂ ಜುಲೈ ತಿಂಗಳ 3ಬಿ ವಿವರಣೆಯ ಗಡುವನ್ನು ಅಕ್ಟೋಬರ್ 5ರವರೆಗೆ ವಿಸ್ತರಿಸಲಾಗಿತ್ತು. ಬೆಟ್ಟ ಕುಸಿದರೆ ವಿನಾಯಿತಿ ಉಂಟು. 20ನೇ ತಾರೀಖಿನ ಸಂಜೆ ಮಡಿಕೇರಿಯಲ್ಲಿ ಸಂಪರ್ಕ ಕಡಿದರೆ ಇಲ್ಲ. (ಕೊನೆಯ ದಿನದವರೆಗೆ ಕಾಯುವ ನಮ್ಮವರ ಅಭ್ಯಾಸವೂ ಇದಕ್ಕೆ ನೆರವಾಗುತ್ತದೆಯೆಂಬುದು ಬೇರೆ ಮಾತು.)

ಸಂಪರ್ಕ ಇರಲಿಲ್ಲವೆಂಬ ಬಾಯಿಮಾತನ್ನು ಒಪ್ಪಿದರೆ ಎಲ್ಲರೂ ಅದನ್ನೇ ಹೇಳುತ್ತಾರೆಂಬ ಇಲಾಖೆಯ ಆತಂಕದಲ್ಲಿ ಹುರುಳಿದೆ. ಆದ್ದರಿಂದ ಕೇಳಬೇಕಾದದ್ದು ರಿಯಾಯಿತಿಯನ್ನಲ್ಲ, ರಸೀದಿಯನ್ನು. ಸಿಪಿಐಎನ್ ಮಾದರಿಯಲ್ಲಿ, ವಿವರಣೆಗೂ ಇ-ವೇ ಬಿಲ್ಲಿಗೂ ಭರ್ತಿ ಮಾಡಲು ತೊಡಗಿದಾಗಲೇ ವೇಳೆಯ ಮುದ್ರೆಯುಳ್ಳ ಕೋರಿಕೆ ಸಂಖ್ಯೆಯನ್ನು ನೀಡಲಿ. ಆ ಸಂಖ್ಯೆಯಿಂದ ಕೆಲಸ ಎಲ್ಲಿಗೆ ಬಂದಿದೆಯೆಂದು ನೋಡುವ ಅವಕಾಶವಿರಲಿ. ದಂಡ ಮತ್ತು ವಿಳಂಬ ಶುಲ್ಕದ ವಿಚಾರಣೆಯಲ್ಲಿ ಅದನ್ನು ಪುರಾವೆಯೆಂದು ಮನ್ನಿಸುವಂತೆ ನಿಯಮ ತಿದ್ದಲಿ. ಜಿಲ್ಲೆಯ ವಾಣಿಜ್ಯ ಸಂಸ್ಥೆಗಳು ಮುಂದಿನ ಮಳೆಗಾಲಕ್ಕೆ ಮೊದಲೇ ಈ ಮನವಿಯನ್ನು ಜಿಎಸ್‌ಟಿ ಮಂಡಳಿಗೆ ಸಲ್ಲಿಸಬೇಕು. ಅಲ್ಲಿಯವರೆಗೆ ಅಂಗಡಿಯಲ್ಲೊಂದು ಪುಸ್ತಕವಿಟ್ಟು, ಗುಂಡಿ ಒತ್ತಿದ ವೇಳೆ, ಬಿಲ್ಲಿನ ಸಂಖ್ಯೆ, ಪರದೆಯ ಮೇಲೆ ಕಂಡ ಸಂಕೇತ ಇಷ್ಟನ್ನು ಬರೆದುಕೊಳ್ಳುವುದು ಒಳ್ಳೆಯದು. ಸಂಪರ್ಕ ಮರಳಿದೊಡನೆ ಹೊಸ ಸಂಖ್ಯೆ ಹಾಕುವ ಬದಲು ಹಳೆಯ ಸಂಖ್ಯೆಯಲ್ಲಿಯೇ ಹುಡುಕಿ ನೋಡುವಂತೆ ಗುಮಾಸ್ತರಿಗೆ ತಿಳಿಸಬೇಕು.